ಫ್ರಿಜ್ಜಿನ ಹಿಂದೆ ಒಣಗಿದ ಕಾಲುಚೀಲ

ಮೂಡಲಗಿಯ ಸೋದರತ್ತೆಯ ಮನೆಗೆ ಮೊದಲ ಫ್ರಿಜ್ ಬಂದಾಗ, ಅದರ ಮುಂದಿನ ಬಾಗಿಲಿಗಿಂತ ಹಿಂದಿನ ಕರಿ ಜಾಳಿಯೇ ನಮಗೆ ಹೆಚ್ಚು ಉಪಯೋಗಕ್ಕೆ ಬಿತ್ತು. ಶ್ರಾವಣದ ಜಿಟಿಜಿಟಿ ಮಳೆ ಹಿಡಿದರೆ ನಾಲ್ಕು ದಿನ ಬಿಸಿಲು ಕಾಣುತ್ತಿರಲಿಲ್ಲ. ಸಾಲಿಯಿಂದ ತೊಯ್ದು ಬಂದ ಕಾಲುಚೀಲಗಳನ್ನು ಹಿಂಡಿ ಅತ್ತೆಯ ಕೈಗೆ ಕೊಟ್ಟರೆ, "ಫ್ರಿಜ್ಜಿನ ಹಿಂದ ಹಾಕ್ರಿ, ಮುಂಜಾನಿತನಾ ಒಣಗ್ತಾವು" ಎನ್ನುತ್ತಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಗರಿಗರಿಯಾಗಿ ಒಣಗಿರುತ್ತಿದ್ದವು. ತಂಪು ಮಾಡುವ ಪೆಟ್ಟಿಗೆಯ ಬೆನ್ನು ಯಾಕೆ ಬಿಸಿ ಎಂದು ಮಾಮಾನನ್ನು ಕೇಳಿದೆ. "ಮಷಿನ್ ಅಂದ ಮ್ಯಾಲ ಬಿಸಿ ಆಗೂದ ಆತು" ಎಂದು ಪೇಪರಿನಿಂದ ತಲೆ ಎತ್ತದೆ ಹೇಳಿದ. ಎಷ್ಟೋ ವರ್ಷ ನಾನೂ ಹಾಗೆಯೇ ನಂಬಿಕೊಂಡಿದ್ದೆ.

ಮಾಮಾ ಹೇಳಿದ್ದರಲ್ಲಿ ಸ್ವಲ್ಪ ನಿಜವಿದೆ. ಮೋಟಾರು ಓಡಿದರೆ ಬಿಸಿಯಾಗುತ್ತದೆ, ಆ ಬಿಸಿಯೂ ಜಾಳಿಯಿಂದಲೇ ಹೊರಗೆ ಹೋಗುತ್ತದೆ. ಆದರೆ ನನ್ನ ಕಾಲುಚೀಲ ಒಣಗಿಸಿದ ಬಿಸಿಯಲ್ಲಿ ಒಂದು ಪಾಲು ಅತ್ತೆ ಸಂಜೆ ಒಳಗಿಟ್ಟ ಹಾಲಿನದು, ನೀರಿನ ಬಾಟಲಿಗಳದು, ಮಧ್ಯಾಹ್ನ ಉಳಿದ ಸಾರಿನದು. ಹಾಲಿನಲ್ಲಿದ್ದ ಬಿಸಿಯನ್ನು ಯಾರೋ ಒಳಗಿನಿಂದ ಹೊತ್ತು ತಂದು ಹಿಂದಿನ ಜಾಳಿಗೆ ಸುರಿದಿದ್ದರು. ಫ್ರಿಜ್ ಮಾಡುವ ಕೆಲಸ ಇಷ್ಟೇ. ಅದು ತಂಪನ್ನು ತಯಾರಿಸುವುದಿಲ್ಲ, ಹಮಾಲಿ ಮಾಡುತ್ತದೆ. ಏಸಿಯೂ ಅಷ್ಟೇ. ಒಂದು ಹಾಲಿನ ಬಿಸಿ ಹೊರುತ್ತದೆ, ಇನ್ನೊಂದು ಕೋಣೆಯ ಬಿಸಿ ಹೊರುತ್ತದೆ.

ಇದು ಸುಲಭಕ್ಕೆ ತಲೆಗೆ ಹೋಗದಿರಲು ನಮ್ಮ ಮಾತೂ ಒಂದು ಕಾರಣ. "ಥಂಡಿ ಹತ್ತೇತಿ", "ಕಿಡಕ್ಯಾಗಿಂದ ಥಂಡಿ ಬರಾಕತ್ತೇತಿ" ಎನ್ನುತ್ತೇವೆ, ಥಂಡಿ ಎಂಬುದೊಂದು ಪದಾರ್ಥ, ಅದು ಕಾಲು ಬೆಳೆಸಿಕೊಂಡು ಒಳಗೆ ಬರುತ್ತದೆ ಎನ್ನುವ ಹಾಗೆ. ಬಡತನ ಎಂಬ ಹೆಸರಿನ ನಾಣ್ಯ ಯಾವ ಟಂಕಸಾಲೆಯಲ್ಲೂ ಇಲ್ಲ. ಕಿಸೆಯಲ್ಲಿ ದುಡ್ಡು ಇಲ್ಲದಿರುವುದಕ್ಕೆ ಆ ಹೆಸರು. ಥಂಡಿಯೂ ಹಾಗೆಯೇ, ಶಾಖ ಕಡಿಮೆಯಿರುವ ಸ್ಥಿತಿಗೆ ನಾವಿಟ್ಟುಕೊಂಡ ಹೆಸರು.

ಶಾಖದ ನಡೆ ತಿಳಿಯಲು ಗೋಕಾಕದವರಿಗೆ ದೊಡ್ಡ ಪುಸ್ತಕ ಬೇಡ. ಊರಿಂದ ಆರು ಕಿಲೋಮೀಟರ್ ದೂರದ ಧಬಧಬೆಗೆ ಹೋಗಿ ನಿಂತರೆ ಸಾಕು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ದಾಟಿ ಬರುವ ಘಟಪ್ರಭೆ, ಅಲ್ಲಿ ಕುದುರೆ ಲಾಳದಂತೆ ಬಾಗಿದ ಬಂಡೆಯಿಂದ 52 ಮೀಟರ್ ಕೆಳಗೆ ಧುಮುಕುತ್ತಾಳೆ. ನೀರು ತಾನಾಗಿಯೇ ಎತ್ತರದಿಂದ ತಗ್ಗಿಗೆ ಬೀಳುತ್ತದೆ, ಬೀಳುವಾಗ ಅದರಿಂದ ಕೆಲಸ ತೆಗೆದುಕೊಳ್ಳಬಹುದು. 1880ರ ದಶಕದಲ್ಲಿ ಅಲ್ಲಿ ನೂಲಿನ ಗಿರಣಿ ಕಟ್ಟಿದವರ ಕಣ್ಣು ಇದ್ದದ್ದು ಈ ಬಲದ ಮೇಲೆಯೇ.

ಶಾಖವೂ ನೀರಿನಂತೆಯೇ, ಬಿಸಿಯ ಕಡೆಯಿಂದ ತಂಪಿನ ಕಡೆಗೆ ತಾನಾಗಿಯೇ ಇಳಿಯುತ್ತದೆ. ಈ ಹೋಲಿಕೆ ನನ್ನದಲ್ಲ. 1824ರಲ್ಲಿ, ಗೋಕಾಕದ ಗಿರಣಿಯ ಕನಸೂ ಯಾರಿಗೂ ಬಿದ್ದಿರದಿದ್ದಾಗ, ಸಾದಿ ಕಾರ್ನೋ ಎಂಬ ಫ್ರಾನ್ಸಿನ ತರುಣ ಎಂಜಿನಿಯರ್ ಉಗಿಯಂತ್ರದ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. ಶಾಖ ಬಿಸಿಯಿಂದ ತಂಪಿಗೆ ಇಳಿಯುವಾಗ ಸಿಗುವ ಬಲವನ್ನು ಅವನು ಜಲಪಾತದ ಬಲಕ್ಕೆ ಹೋಲಿಸಿದ. ಜಲಪಾತದಲ್ಲಿ ಎತ್ತರ ಲೆಕ್ಕಕ್ಕೆ ಬರುವಂತೆ ಇಲ್ಲಿ ಎರಡು ತುದಿಗಳ ಉಷ್ಣಾಂಶದ ಅಂತರ ಲೆಕ್ಕಕ್ಕೆ ಬರುತ್ತದೆ ಎಂದ. ಪುಸ್ತಕವನ್ನು ಹೆಚ್ಚಿನವರು ಓದಲಿಲ್ಲ. ಕಾರ್ನೋ 36ನೇ ವಯಸ್ಸಿಗೆ ಕಾಲರಾದಿಂದ ತೀರಿಕೊಂಡ. ಇಂದು ಓಡುವ ಪ್ರತಿ ಎಂಜಿನ್ನೂ, ಪ್ರತಿ ಫ್ರಿಜ್ಜೂ ಅವನ ಲೆಕ್ಕದ ಗೆರೆಯೊಳಗೇ ಇದೆ.

ಇಷ್ಟಾದ ಮೇಲೆ ಫ್ರಿಜ್ಜಿನ ಕೆಲಸ ಹೇಳುವುದು ಸುಲಭ. ಬಿದ್ದ ನೀರನ್ನು ಮತ್ತೆ ಮೇಲೆ ಎತ್ತಬೇಕಾದರೆ ಏನು ಬೇಕು? ಪಂಪ್‌ಸೆಟ್. ಘಟಪ್ರಭೆಯ ದಂಡೆಯ ರೈತ ನದಿಯ ನೀರನ್ನು ಪೈಪಿನಲ್ಲಿ ದಿನ್ನೆಯ ಕಬ್ಬಿಗೆ ಏರಿಸುವಂತೆ, ಫ್ರಿಜ್ ತಂಪಾದ ಒಳಗಿನಿಂದ ಬಿಸಿಯಾದ ಹೊರಗೆ ಶಾಖವನ್ನು ಏರಿಸುತ್ತದೆ. ಪಂಪ್ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಕೇಳುವ ಮಾತು, "ಹೆಡ್ ಎಷ್ಟ್ ಫೂಟ್ ಐತ್ರಿ?" ಎತ್ತರ ಹೆಚ್ಚಿದಷ್ಟೂ ಅದೇ ನೀರಿಗೆ ಕರೆಂಟು ಹೆಚ್ಚು ಬೇಕು. ಏಸಿಗೂ ಹೆಡ್ ಇದೆ. ಹೊರಗೆ 38 ಡಿಗ್ರಿ ಇದ್ದು ಒಳಗೆ 26 ಬೇಕೆಂದರೆ 12 ಡಿಗ್ರಿಯ ಹೆಡ್, 18 ಬೇಕೆಂದರೆ 20 ಡಿಗ್ರಿಯದು. ರಿಮೋಟಿನಲ್ಲಿ 18 ಒತ್ತಿದರೆ ಕೋಣೆ ಬೇಗ ತಂಪಾಗುತ್ತದೆ ಎಂಬುದು ಬರೀ ನಂಬಿಕೆ. ಸಾಮಾನ್ಯ ಏಸಿ ಅದೇ ವೇಗದಲ್ಲಿ ತಣಿಸುತ್ತದೆ, ನಿಲ್ಲುವುದು ಮಾತ್ರ ತಡವಾಗುತ್ತದೆ. ಒಂದು ಡಿಗ್ರಿ ಮೇಲೆ ಇಟ್ಟರೆ ಸುಮಾರು 6 ಪ್ರತಿಶತ ವಿದ್ಯುತ್ ಉಳಿಯುತ್ತದೆ ಎಂಬುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುವ ಲೆಕ್ಕ. 2020ರ ಜನವರಿಯಿಂದ ಹೊಸ ಏಸಿಗಳು ಚಾಲೂ ಮಾಡಿದಾಗ 24 ಡಿಗ್ರಿಗೇ ನಿಲ್ಲಬೇಕೆಂದು ನಿಯಮ ಮಾಡಿದ್ದರ ಹಿಂದೆ ಇರುವುದೂ ಇದೇ ಹೆಡ್ಡಿನ ಮಾತು.

ಆದರೆ ಒಂದು ತೊಡಕಿದೆ. ನೀರನ್ನು ಕೊಡದಲ್ಲಿ ತುಂಬಬಹುದು. ಶಾಖವನ್ನು ಯಾವ ಕೊಡದಲ್ಲಿ ತುಂಬುವುದು?

ಉತ್ತರ ಅಜ್ಜಿಯ ಹರವಿಯಲ್ಲಿದೆ. ಗೋಕಾಕ ಸೀಮೆಯ ಏಪ್ರಿಲ್ ತಿಂಗಳಲ್ಲಿ ಹಳೆಯ ಮನೆಗಳ ಪಡಸಾಲೆಯ ಮೂಲೆಯಲ್ಲಿ ಉಸುಕು ಹಾಸಿ, ಅದರ ಮೇಲೆ ಹರವಿ ಇಟ್ಟು, ಸುತ್ತ ಒದ್ದೆ ಅರಿವೆ ಸುತ್ತಿರುತ್ತಾರೆ. ಸುಟ್ಟ ಮಣ್ಣಿನ ಸಣ್ಣ ತೂತುಗಳಿಂದ ನೀರು ಜಿನುಗಿ ಹೊರಮೈಗೆ ಬಂದು ಆವಿಯಾಗುತ್ತದೆ. ನೀರು ಆವಿಯಾಗಬೇಕಾದರೆ ಶಾಖ ಬೇಕು. ಅದನ್ನು ಒಳಗೆ ಉಳಿದ ನೀರಿನಿಂದಲೇ ಕಿತ್ತುಕೊಂಡು ಹೋಗುತ್ತದೆ. ಎಷ್ಟು ಕಿತ್ತುಕೊಳ್ಳುತ್ತದೆ ಎಂದರೆ, ಬೇಸಿಗೆಯ ಬಿಸಿಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ. ಅದನ್ನು ಧಬಧಬೆಯ ಲೆಕ್ಕಕ್ಕೆ ತಿರುಗಿಸಿ ನೋಡಿದೆ. 52 ಮೀಟರ್ ಎತ್ತರದಿಂದ ಹತ್ತಿರ ಹತ್ತಿರ 5 ಕಿಲೋ ನೀರು ಬಿದ್ದಾಗ ಎಷ್ಟು ಶಕ್ತಿ ಸಿಗುತ್ತದೋ, ಹರವಿಯ ಮೈಮೇಲಿನ ಒಂದೇ ಒಂದು ಗ್ರಾಂ ನೀರು ಸದ್ದಿಲ್ಲದೆ ಹಾರಿಹೋಗುವಾಗ ಅಷ್ಟನ್ನು ಹೊತ್ತುಕೊಂಡು ಹೋಗುತ್ತದೆ. ಲೆಕ್ಕ ತಪ್ಪಿತೇನೋ ಎಂದು ಎರಡು ಸಲ ಮಾಡಿದೆ. ತಪ್ಪಿರಲಿಲ್ಲ.

ಹೀಗಾಗಿ ಶಾಖ ಹೊರಲು ಆವಿಗಿಂತ ದೊಡ್ಡ ಕೊಡ ಇಲ್ಲ.

ಹರವಿಗೆ ಒಂದು ಮಿತಿ ಇದೆ. ಗಾಳಿ ಒಣಗಿದ್ದರೆ ಮಾತ್ರ ಅದರ ಆಟ ನಡೆಯುತ್ತದೆ. 38 ಡಿಗ್ರಿ ಬಿಸಿಲು, ಗಾಳಿಯ ಆರ್ದ್ರತೆ 25 ಪ್ರತಿಶತ ಇದ್ದರೆ ಒದ್ದೆ ಅರಿವೆ 23 ಡಿಗ್ರಿಯ ಆಸುಪಾಸಿನವರೆಗೂ ತಣಿಯಬಲ್ಲದು. ಅದೇ ಅರಿವೆಯನ್ನು ಮಂಗಳೂರಿಗೆ ಒಯ್ಯಿರಿ. ಅಲ್ಲಿ 33 ಡಿಗ್ರಿಯೇ ಇರಲಿ, ಆರ್ದ್ರತೆ 70 ಇದ್ದರೆ 28ರ ಕೆಳಗೆ ಇಳಿಯದು. ಗೋಕಾಕದಲ್ಲಿ ಹುಲ್ಲಿನ ಪ್ಯಾಡಿನ ಕೂಲರ್ ಹಾಕಿ ಹಾಯಾಗಿ ಮಲಗುವವರು, ಕಾರವಾರದಲ್ಲಿರುವ ಮಗಳ ಮನೆಗೂ ಒಂದು ಕೂಲರ್ ಕಳಿಸಿ ಬೈಸಿಕೊಳ್ಳುವುದು ಇದೇ ಕಾರಣಕ್ಕೆ.

ಗಾಳಿಯ ತೇವದ ಮಾತು ಬಂದದ್ದರಿಂದ ಮತ್ತೆ ಗಿರಣಿಗೆ ಹೋಗಬೇಕು. ಹತ್ತಿಯ ನೂಲು ಒಣಗಾಳಿಯಲ್ಲಿ ಪಟಪಟ ಹರಿಯುತ್ತದೆ, ಎಳೆಗಳಿಗೆ ವಿದ್ಯುತ್ ಹಿಡಿದು ಯಂತ್ರಕ್ಕೆ ಅಂಟುತ್ತವೆ, ದೂಳು ಏಳುತ್ತದೆ. ಅದಕ್ಕೇ ನೂಲಿನ ಗಿರಣಿಗಳ ಒಳಗೆ ಆರ್ದ್ರತೆಯನ್ನು 55-60 ಪ್ರತಿಶತದ ಸುತ್ತ ಹಿಡಿದಿಡಬೇಕು. 1906ರಲ್ಲಿ ಅಮೆರಿಕದ ಸ್ಟುವರ್ಟ್ ಕ್ರೇಮರ್ ಎಂಬ ಗಿರಣಿ ಎಂಜಿನಿಯರ್, ಹತ್ತಿ ಗಿರಣಿಗಳ ಗಾಳಿಗೆ ತೇವ ಸೇರಿಸಿ ಹದ ಮಾಡುವ ಈ ಕೆಲಸಕ್ಕೆ ಒಂದು ಹೆಸರು ಕೊಟ್ಟ: ಏರ್ ಕಂಡೀಷನಿಂಗ್. ಅದಕ್ಕೂ ನಾಲ್ಕು ವರ್ಷ ಮೊದಲು, 1902ರಲ್ಲಿ, ವಿಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ ತೇವ ತೆಗೆಯುವ ಯಂತ್ರದ ನಕ್ಷೆ ಮಾಡಿದ್ದ. ಅಲ್ಲಿ ಕಾಗದ ತೇವಕ್ಕೆ ಹಿಗ್ಗಿ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಅಂದರೆ ಏಸಿ ಹುಟ್ಟಿದ್ದು ಮನುಷ್ಯನ ಸುಖಕ್ಕಲ್ಲ, ನೂಲು ಮತ್ತು ಕಾಗದದ ಸುಖಕ್ಕೆ. ಮನುಷ್ಯ ನಡುವೆ ಬಂದು ಕೂತ. ಇಂದಿಗೂ ಏಸಿಯ ಕೆಲಸದಲ್ಲಿ ಒಂದು ಪಾಲು ಗಾಳಿಯನ್ನು ಒಣಗಿಸುವುದು. ಜೂನ್ ಹತ್ತಿರವಾಗಿ ಮೋಡ ಕಟ್ಟಿದ ಮೇಲೆ ಹೊರಗಿನ ಸಣ್ಣ ಪೈಪಿನಿಂದ ತೊಟತೊಟ ನೀರು ಬೀಳುತ್ತದಲ್ಲ, ಅದು ಕೋಣೆಯ ಗಾಳಿಯಿಂದ ಹಿಂಡಿ ತೆಗೆದ ತೇವ. ಏಪ್ರಿಲಿನಲ್ಲಿ ಅದೇ ಪೈಪು ಬಹುತೇಕ ಒಣಗಿರುತ್ತದೆ.

ಹರವಿ ತಂಪು ಮಾಡುತ್ತದೆ ನಿಜ, ಆದರೆ ಅದರ ಆವಿ ಗಾಳಿಗೆ ಹೋಗಿ ಕಳೆದುಹೋಗುತ್ತದೆ. ದಿನಾ ನೀರು ತುಂಬಬೇಕು. ಆವಿಯನ್ನು ಹಿಡಿದು, ಮತ್ತೆ ನೀರಾಗಿಸಿ, ಮತ್ತೆ ಆವಿಯಾಗಿಸುವುದು ಹೇಗೆ? ಈ ಗುಟ್ಟು ಬಿಡಿಸಲು ಎರಡು ಜಾಗ ನೋಡಬೇಕು: ಒಂದು ಮದುವೆ ಮನೆ, ಇನ್ನೊಂದು ಸಕ್ಕರೆ ಕಾರ್ಖಾನೆ.

ಮದುವೆಯ ಅಡುಗೆಭಟ್ಟರ ಹತ್ತಿರ ಹೋಗಿ ದೊಡ್ಡ ಒಲೆಗೆ ಹಚ್ಚಿದ ಸಿಲಿಂಡರಿನ ಮೈ ಮುಟ್ಟಿ ನೋಡಿ. ಐನೂರು ಮಂದಿಗೆ ಅನ್ನ ಬೇಯುವ ಉರಿಯ ಪಕ್ಕದಲ್ಲಿದ್ದೂ ಅದು ತಣ್ಣಗಿರುತ್ತದೆ, ಮೈಮೇಲೆ ಬೆವರಿನಂತೆ ಹನಿ, ಕೆಲವೊಮ್ಮೆ ಬಿಳಿ ಹಿಮದ ಪಟ್ಟಿ. ಒಳಗೆ ದ್ರವವಾಗಿ ಕೂತ ಗ್ಯಾಸು ಭರಭರನೆ ಆವಿಯಾಗುವಾಗ ಶಾಖವನ್ನು ಸಿಲಿಂಡರಿನ ಮೈಯಿಂದಲೇ ಎಳೆದುಕೊಳ್ಳುತ್ತದೆ. ತೀರಾ ತಣಿದರೆ ಆವಿಯಾಗುವುದೇ ನಿಧಾನವಾಗಿ ಉರಿ ಕುಗ್ಗುತ್ತದೆ. ಆಗ ಭಟ್ಟರು "ಏ ತಮ್ಮಾ, ಬಿಸಿನೀರ ತಾ" ಎಂದು ಕೂಗಿ, ಸಿಲಿಂಡರನ್ನು ಬುಟ್ಟಿ ನೀರಿನಲ್ಲಿ ನಿಲ್ಲಿಸುತ್ತಾರೆ. ಅವರಿಗೆ ಗೊತ್ತಿಲ್ಲದೆಯೇ ಅಲ್ಲೊಂದು ಫ್ರಿಜ್ ಓಡುತ್ತಿದೆ. ಇದನ್ನು ಹೋಲಿಕೆಗಾಗಿ ಹೇಳುತ್ತಿಲ್ಲ. ಇಂದಿನ ಮನೆಯ ಫ್ರಿಜ್ಜುಗಳಲ್ಲಿ ತುಂಬುವ ಆರ್-600ಎ ಎಂಬುದು ಐಸೊಬ್ಯೂಟೇನ್. ಅಡುಗೆ ಗ್ಯಾಸಿನಲ್ಲಿರುವ ಬ್ಯೂಟೇನಿನ ಒಡಹುಟ್ಟು. ತೆರೆದ ಗಾಳಿಯಲ್ಲಿ ಅದು ಕುದಿಯುವುದು ಸೊನ್ನೆಗಿಂತ 12 ಡಿಗ್ರಿ ಕೆಳಗೆ. ಒಂದು ಸಾಮಾನ್ಯ ಫ್ರಿಜ್ಜಿಗೆ ಐವತ್ತು ಅರವತ್ತು ಗ್ರಾಂ ಸಾಕು.

ಇನ್ನು ಸಕ್ಕರೆ ಕಾರ್ಖಾನೆ. ಗೋಕಾಕದ ಘಟಪ್ರಭಾ, ಸಂಕೇಶ್ವರದ ಹಿರಣ್ಯಕೇಶಿ, ಯಾವುದಾದರೂ ಆಗಲಿ, ಹಂಗಾಮಿನಲ್ಲಿ ಒಳಗೆ ಹೋಗಿ ರಸ ಕುದಿಸುವ ಪ್ಯಾನ್ ನೋಡಿಕೊಳ್ಳುವ ಪ್ಯಾನ್‌ಮನ್ ಹತ್ತಿರ ನಿಂತು ಮೀಟರ್ ನೋಡಿ. ಗಾಣದಲ್ಲಿ ಬೆಲ್ಲ ಮಾಡುವಾಗ ಕಬ್ಬಿನ ಹಾಲು ನೂರು ಡಿಗ್ರಿ ದಾಟಿ ಕುದಿಯುತ್ತದೆ, ಅದಕ್ಕೇ ಬೆಲ್ಲಕ್ಕೆ ಆ ಕಂದು ಬಣ್ಣ, ಆ ರುಚಿ. ಸಕ್ಕರೆ ಬೆಳ್ಳಗೆ ಬರಬೇಕಾದರೆ ಅಷ್ಟು ಬಿಸಿ ತಾಗಬಾರದು. ಆದ್ದರಿಂದ ಪ್ಯಾನಿನ ಒಳಗಿನ ಗಾಳಿಯನ್ನು ಎಳೆದು ಒತ್ತಡ ಇಳಿಸುತ್ತಾರೆ, ರಸ 60-70 ಡಿಗ್ರಿಗೇ ತಳಮಳ ಕುದಿಯುತ್ತದೆ. ಮನೆಯ ಕುಕ್ಕರಿನಲ್ಲಿ ಇದರ ಉಲ್ಟಾ, ಒತ್ತಡ ಏರಿಸಿದ್ದರಿಂದ ನೀರು 120ರ ಹತ್ತಿರ ಹೋಗುವವರೆಗೂ ಕುದಿಯುವುದಿಲ್ಲ. ಯಾವ ದ್ರವ ಎಷ್ಟು ಬಿಸಿಗೆ ಕುದಿಯಬೇಕು ಎಂಬುದು ನಮ್ಮ ಕೈಯಲ್ಲೇ ಇದೆ, ಒತ್ತಡ ಬದಲಿಸಿದರೆ ಆಯಿತು. ಫ್ರಿಜ್ಜಿನ ಜೀವ ಇರುವುದು ಈ ಒಂದು ಮಾತಿನಲ್ಲಿ.

ಗೋಕಾಕ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯೊಂದರಲ್ಲಿ ಫ್ರಿಜ್ ರಿಪೇರಿ ಅಂಗಡಿ. ಒಂದು ಮಧ್ಯಾಹ್ನ ಅಲ್ಲಿ ಹಳೆಯ ಫ್ರಿಜ್ಜೊಂದನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ ಚಾಲೂ ಮಾಡಿದ್ದರು. ಮೆಕ್ಯಾನಿಕ್ ನನ್ನ ಕೈ ಹಿಡಿದು ಕೆಳಗಿನ ಕರಿ ಗಡಿಗೆಯಂಥ ಕಂಪ್ರೆಸರಿನಿಂದ ಹೊರಟ ತಾಮ್ರದ ಪೈಪಿಗೆ ಹಚ್ಚಿದರು. ಚುರುಕ್ ಎಂದಿತು. "ಇದು ಡಿಸ್ಚಾರ್ಜ್ ರೀ ಸರ. ಈಗ ಇದನ್ನ ಮುಟ್ರಿ." ಪಕ್ಕದ ಪೈಪು ತಣ್ಣಗೆ. "ಸಕ್ಷನ್. ಬಿಸಿ ಐತಿ, ಥಂಡಿ ಐತಿ ಅಂದ್ರ ಫ್ರಿಜ್ ಅರಾಮ ಐತಿ ಅಂತ ತಿಳೀರಿ. ಎರಡೂ ಒಂದ ಥರ ಆತಂದ್ರ ಗ್ಯಾಸ್ ಹೋಗೇತಿ, ಇಲ್ಲಾ ಕಂಪ್ರೆಸರ್ ಕೈಬಿಟ್ಟೈತಿ." ವೈದ್ಯರು ನಾಡಿ ನೋಡಿದ ಹಾಗೆ.

ಆ ಎರಡು ಪೈಪುಗಳ ನಡುವೆ ನಡೆಯುವ ಸುತ್ತು ಹೀಗಿದೆ. ಫ್ರೀಜರಿನ ಗೋಡೆಯೊಳಗಿನ ಸುರುಳಿಯಲ್ಲಿ ಒತ್ತಡ ಕಡಿಮೆ, ಸುತ್ತಲಿನ ಗಾಳಿಯ ಒತ್ತಡಕ್ಕಿಂತಲೂ ಕಡಿಮೆ. ಅಲ್ಲಿ ಐಸೊಬ್ಯೂಟೇನ್ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೂ ಕುದಿಯುತ್ತದೆ. ಕುದಿಯಲು ಬೇಕಾದ ಶಾಖವನ್ನು ಐಸ್ ಟ್ರೇಯಿಂದ, ಹಾಲಿನಿಂದ ಎಳೆದುಕೊಳ್ಳುತ್ತದೆ. ಹಾಲಿನ ಬಿಸಿ ಹೊತ್ತ ಆ ಆವಿಯನ್ನು ಕಂಪ್ರೆಸರ್ ಹೀರಿ, ಹತ್ತು ಪಟ್ಟಿನ ಹತ್ತಿರ ಒತ್ತುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದರೆ ಪಂಪಿನ ತಳ ಬಿಸಿಯಾಗುವ ಹಾಗೆ ಒತ್ತಿದ ಆವಿ ಬಿಸಿಯಾಗುತ್ತದೆ, ಕೋಣೆಗಿಂತಲೂ ಬಿಸಿ. ಆಮೇಲಿನದು ಧಬಧಬೆಯ ಕಥೆ, ಬಿಸಿ ತಾನಾಗಿಯೇ ಕೋಣೆಗೆ ಇಳಿಯುತ್ತದೆ. ಹಿಂದಿನ ಜಾಳಿಯಲ್ಲಿ ಶಾಖ ಕಳೆದುಕೊಂಡ ಆವಿ ಮತ್ತೆ ದ್ರವವಾಗುತ್ತದೆ. ಕೊನೆಗೆ ಕೂದಲೆಳೆಯಂಥ ತೂತಿನ ಉದ್ದ ತಾಮ್ರದ ನಳಿಗೆ, ಮೆಕ್ಯಾನಿಕ್‌ಗಳ ಬಾಯಲ್ಲಿ ಕ್ಯಾಪಿಲರಿ. ಅದರೊಳಗೆ ತಿಣುಕಿ ಹಾದು ಆಚೆ ಬಿದ್ದ ದ್ರವದ ಒತ್ತಡ ಒಮ್ಮೆಲೇ ಇಳಿದು, ಮತ್ತೆ ತಣ್ಣಗೆ ಕುದಿಯಲು ತಯಾರಾಗುತ್ತದೆ. ಅತ್ತೆಯ ಮನೆಯಲ್ಲಿದ್ದ ಜಾಳಿ ಈಗಿನ ಫ್ರಿಜ್ಜುಗಳಲ್ಲಿ ಹೊರಗೆ ಕಾಣುವುದಿಲ್ಲ, ಪಕ್ಕದ ತಗಡಿನೊಳಗೆ ಹುದುಗಿದೆ. "ಹೊಸಾ ಫ್ರಿಜ್ ತಂದೇವಿ, ಬಾಜೂಕ ಸುಡಾಕತ್ತೇತ್ರಿ" ಎಂದು ಹೆದರಿ ಫೋನ್ ಮಾಡುವವರು ವಾರಕ್ಕೆ ಇಬ್ಬರಾದರೂ ಇದ್ದಾರಂತೆ. ಸುಡಲೇಬೇಕು. ಗೋಡೆಗೆ ಒತ್ತಿ ನಿಲ್ಲಿಸದೆ ಅದಕ್ಕೆ ಉಸಿರಾಡಲು ನಾಲ್ಕು ಬೆರಳು ಜಾಗ ಬಿಟ್ಟರೆ ಸಾಕು.

ಕರೆಂಟು ಹೋಗಿ ಬಂದ ತಕ್ಷಣ ಫ್ರಿಜ್ ಚಾಲೂ ಮಾಡಬಾರದು ಎನ್ನುವುದಕ್ಕೂ ಕಾರಣ ಆ ಸಣ್ಣ ನಳಿಗೆಯೇ. ನಿಂತ ಕೂಡಲೇ ಒಂದು ಬದಿಗೆ ಒತ್ತಡ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ. ಸಣ್ಣ ತೂತಿನಿಂದ ಅದು ಸರಿಸಮವಾಗಲು ಮೂರು ನಾಲ್ಕು ನಿಮಿಷ ಬೇಕು. ಅಷ್ಟರೊಳಗೆ ಎಬ್ಬಿಸಿದರೆ ಮೋಟಾರು ಭಾರಕ್ಕೆ ತಿರುಗದೆ ಗುಂಯ್ ಎಂದು ನಿಂತಲ್ಲೇ ಸುಡುತ್ತದೆ.

ನಮ್ಮ ಮನೆಗೆ ಹಿಂದೊಮ್ಮೆ ಬರುತ್ತಿದ್ದ ಏಸಿ ಮೆಕ್ಯಾನಿಕ್ ಒಬ್ಬರು, ಅಂಗಡಿಯ ಹೆಸರು ಬೇಡ, ಪ್ರತಿ ಮಾರ್ಚಿಗೆ ತಪ್ಪದೆ "ಗ್ಯಾಸ್ ಖಾಲಿ ಆಗೇತ್ರಿ" ಎಂದು ತುಂಬಿಸಿ ದುಡ್ಡು ಎಣಿಸಿಕೊಂಡು ಹೋಗುತ್ತಿದ್ದರು. ಮೂರು ವರ್ಷ ಕೊಟ್ಟೆ. ಅಡುಗೆ ಗ್ಯಾಸಿನ ಹಾಗೆ ಇದೂ ತಿಂಗಳು ತಿಂಗಳು ಉರಿದು ಹೋಗುತ್ತದೆಂದು ತಿಳಿದಿದ್ದೆ. ಏಸಿಯಲ್ಲಾಗಲಿ ಫ್ರಿಜ್ಜಿನಲ್ಲಾಗಲಿ ಗ್ಯಾಸು ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನಲ್ಲಿ ಅದೇ ಗ್ಯಾಸು ಹದಿನೈದು ವರ್ಷವಾದರೂ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರುವ ಕೊಡಕ್ಕೆ ಬೆಸುಗೆ ಹಾಕದೆ ನೀರು ತುಂಬಿದರೆ ಏನು ಬಂತು? ಕೊನೆಗೆ ಕರೆಸಿದ, ಫ್ರಿಜ್ ರಿಪೇರಿ ಓಣಿಯ ಆ ಮೆಕ್ಯಾನಿಕ್ ಮೊದಲು ಮಾಡಿದ್ದು ಬ್ರಶ್ಶಿನಿಂದ ಸಾಬೂನಿನ ನೊರೆಯನ್ನು ಒಂದೊಂದೇ ಜಾಯಿಂಟಿಗೆ ಬಳಿದದ್ದು. ಒಂದು ಕಡೆ ಸಾಸಿವೆ ಗಾತ್ರದ ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಮೂರು ವರ್ಷದ ನನ್ನ ದುಡ್ಡು ಆ ಗುಳ್ಳೆಯಲ್ಲಿ ಹೋಗಿತ್ತು.

ಸೋರಿದ ಗ್ಯಾಸು ನನ್ನ ಕಿಸೆ ಮಾತ್ರ ಹರಿಯುವುದಿಲ್ಲ. ಅತ್ತೆಯ ಹಳೆಯ ಫ್ರಿಜ್ಜಿನ ಕಾಲದ್ದು ಆರ್-12. 1928ರ ಹೊತ್ತಿಗೆ ಅಮೆರಿಕದ ಥಾಮಸ್ ಮಿಡ್‌ಗ್ಲಿ ಮತ್ತು ಅವನ ಜೊತೆಗಾರರು ಅದನ್ನು ಕಂಡುಹಿಡಿದಾಗ ವರವೇ ಸಿಕ್ಕಿತು ಎಂದರು. ಉರಿಯುವುದಿಲ್ಲ, ವಿಷವಲ್ಲ, ವಾಸನೆಯಿಲ್ಲ. ಪೆಟ್ರೋಲಿಗೆ ಸೀಸ ಬೆರೆಸುವ ದಾರಿ ತೋರಿಸಿದವನೂ ಇದೇ ಮಿಡ್‌ಗ್ಲಿ. ಒಬ್ಬನ ಕೈಯಿಂದಲೇ ಎರಡು ವರಗಳು, ಎರಡೂ ಶಾಪವಾದವು. ಮೇಲೇರಿದ ಆ ಗ್ಯಾಸು ಓಝೋನ್ ಪದರವನ್ನು ತಿನ್ನುತ್ತದೆ ಎಂದು ತಿಳಿದು, 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ರಂಧ್ರದ ವರದಿಯೂ ಬಂದ ಮೇಲೆ, 1987ರ ಮಾಂಟ್ರಿಯಲ್ ಒಪ್ಪಂದವಾಯಿತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ತೊಂದರೆ ಕೊಡಲಿಲ್ಲ, ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಲದ್ದು. ಅದನ್ನೂ ಇಳಿಸಬೇಕೆಂದು 2016ರಲ್ಲಿ ಕಿಗಾಲಿಯಲ್ಲಿ ಒಪ್ಪಿದರು, ಭಾರತ 2021ರಲ್ಲಿ ಅನುಮೋದಿಸಿತು. ಈಗ ಫ್ರಿಜ್ಜಿಗೆ ಐಸೊಬ್ಯೂಟೇನ್, ಹೆಚ್ಚಿನ ಹೊಸ ಏಸಿಗಳಿಗೆ ಆರ್-32. ಐಸ್ ಫ್ಯಾಕ್ಟರಿಗಳು, ದೊಡ್ಡ ಕೋಲ್ಡ್ ಸ್ಟೋರೇಜುಗಳು ಮಾತ್ರ ಹತ್ತೊಂಬತ್ತನೇ ಶತಮಾನದ ಅಮೋನಿಯವನ್ನೇ ನೆಚ್ಚಿಕೊಂಡಿವೆ. ಸ್ವಲ್ಪ ಸೋರಿದರೂ ಮೂಗೇ ಹೇಳುತ್ತದೆ.

ಕಬ್ಬಿನ ಸೀಮೆಯಲ್ಲಿ ಏಸಿ ಮಾರುವವರಿಗೆ ಒಂದು ವಿಶೇಷ ತಾಪತ್ರಯ. "ಒಂದೂವರಿ ಟನ್" ಎಂದು ಕೇಳಿದ ಹಿರಿಯರೊಬ್ಬರು, "ಒಂದೂವರಿ ಟನ್ ಗ್ವಾಡಿ ಮ್ಯಾಲ ಹ್ಯಾಂಗ ತೂಗಹಾಕ್ತಿ ತಮ್ಮಾ, ಗ್ವಾಡಿ ತಡದೀತೇನು?" ಎಂದರಂತೆ. ದಿನವೂ ಟ್ರ್ಯಾಕ್ಟರಿನಲ್ಲಿ ಟನ್‌ಗಟ್ಟಲೆ ಕಬ್ಬು ತೂಗಿಸುವವರ ಪ್ರಶ್ನೆ ನ್ಯಾಯವಾದದ್ದೇ. ಇಲ್ಲಿ ಟನ್ ಎಂಬುದು ಮಂಜುಗಡ್ಡೆಯ ತೂಕ. ಯಂತ್ರಗಳು ಬರುವ ಮೊದಲು ಅಮೆರಿಕದ ಚಳಿ ನಾಡುಗಳಲ್ಲಿ ಹೆಪ್ಪುಗಟ್ಟಿದ ಕೆರೆಗಳನ್ನು ಗರಗಸದಿಂದ ಕೊಯ್ದು ಐಸ್ ಮಾರುತ್ತಿದ್ದರು. ಫ್ರೆಡರಿಕ್ ಟ್ಯೂಡರ್ ಎಂಬ ಬಾಸ್ಟನ್ನಿನ ವ್ಯಾಪಾರಿ 1833ರಲ್ಲಿ ಹಡಗಿನಲ್ಲಿ ಕಲ್ಕತ್ತಕ್ಕೂ ಐಸ್ ತಂದ. ಮದ್ರಾಸಿನಲ್ಲಿ ಅದನ್ನು ಇಡಲು ಕಟ್ಟಿದ ಐಸ್ ಹೌಸ್ ಇಂದು ವಿವೇಕಾನಂದರ ಹೆಸರಿನಲ್ಲಿ ನಿಂತಿದೆ. ಯಂತ್ರ ಬಂದಾಗ ಅದರ ತಾಕತ್ತನ್ನು ಹಳೆಯ ತೂಕದಲ್ಲೇ ಅಳೆದರು. ಒಂದು ಅಮೆರಿಕನ್ ಟನ್, ಅಂದರೆ 907 ಕಿಲೋ ಐಸ್, 24 ತಾಸಿನಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಹೊರುವ ಏಸಿ ಒಂದು ಟನ್ನಿನದು. ಲೆಕ್ಕ ಹಾಕಿದರೆ ಮೂರೂವರೆ ಕಿಲೋವಾಟ್. ಅಷ್ಟು ಶಾಖ ಹೊರಲು ಅದು ತಿನ್ನುವ ಕರೆಂಟು ಒಂದು ಕಿಲೋವಾಟ್ ಆಚೀಚೆ. ಒಂದಕ್ಕೆ ಮೂರು ಹೇಗೆ ಎಂದು ಅನುಮಾನ ಬರುತ್ತದೆ. ಕರೆಂಟು ಇಲ್ಲಿ ಕೂಲಿ ಮಾತ್ರ, ಸರಕು ಬೇರೆ. ನೂರು ರೂಪಾಯಿ ಹಮಾಲಿ ಕೊಟ್ಟು ಮುನ್ನೂರು ರೂಪಾಯಿಯ ಮಾಲು ಸಾಗಿಸಿದ ಹಾಗೆ.

ಆ ಕೂಲಿಯ ಮಾತಿಗೆ ಹುಕ್ಕೇರಿಯನ್ನು ನೆನೆಯದೆ ಆಗದು. ಕರ್ನಾಟಕದಲ್ಲಿ ಬೇರೆಲ್ಲ ಕಡೆ ಮನೆಗೆ ಕರೆಂಟು ಕೊಡುವುದು ಸರ್ಕಾರಿ ಕಂಪನಿಗಳು. ಹುಕ್ಕೇರಿ ತಾಲ್ಲೂಕಿನಲ್ಲಿ ಮಾತ್ರ ಒಂದು ಸಹಕಾರಿ ಸಂಘ. 1969ರಲ್ಲಿ, ಅಮೆರಿಕದ ಹಳ್ಳಿಗಳ ವಿದ್ಯುತ್ ಸಹಕಾರಿಗಳ ಮಾದರಿಯಲ್ಲಿ ದೇಶದಲ್ಲಿ ಪ್ರಯೋಗಕ್ಕೆಂದು ಐದು ಸಂಘಗಳನ್ನು ಶುರುಮಾಡಿದಾಗ ಅವುಗಳಲ್ಲಿ ಒಂದಾಗಿ ಹುಟ್ಟಿದ್ದು ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಆಗ ಇದ್ದ ಉದ್ದೇಶ ಬಾವಿಯ ಪಂಪು, ಮನೆಯ ದೀಪ. ನೀರನ್ನು ಮೇಲೆತ್ತಲು ಎಳೆದ ತಂತಿ ಇಂದು ಶಾಖವನ್ನೂ ಮೇಲೆತ್ತುತ್ತಿದೆ. ಸಂಕೇಶ್ವರದ ಮೆಡಿಕಲ್ ಶಾಪಿನ ಲಸಿಕೆಯ ಫ್ರಿಜ್ಜು, ಹೆದ್ದಾರಿಯ ಬದಿಯ ಐಸ್‌ಕ್ರೀಮ್ ಪೆಟ್ಟಿಗೆ, ಎಲ್ಲವೂ ಅದೇ ತಂತಿಗೆ ಜೋತುಬಿದ್ದಿವೆ.

ಆದರೂ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲ್ಲೂಕುಗಳಲ್ಲಿ ತಂಪಿನ ದೊಡ್ಡ ಗಿರಾಕಿ ಯಾರು ಎಂದರೆ ನಾನು ಏಸಿಯನ್ನಲ್ಲ, ಎಮ್ಮೆಯನ್ನು ತೋರಿಸುತ್ತೇನೆ. ಕರೆದ ಹಾಲು ಎಮ್ಮೆಯ ಮೈಯಷ್ಟೇ ಬಿಸಿ ಇರುತ್ತದೆ, ಸೂಕ್ಷ್ಮಜೀವಿಗಳಿಗೆ ಅದಕ್ಕಿಂತ ಹಿತವಾದ ಬಿಸಿ ಬೇರೆ ಇಲ್ಲ. ಅಷ್ಟು ಬಿಸಿಯಲ್ಲಿ ಅವು ಅರ್ಧ ತಾಸಿಗೊಮ್ಮೆ ಇಮ್ಮಡಿಯಾಗಬಲ್ಲವು. 4 ಡಿಗ್ರಿಗೆ ಇಳಿಸಿದರೆ ಹೆಚ್ಚಿನವು ಕೈಕಾಲು ಮುದುಡಿ ಕೂರುತ್ತವೆ, ಸಾಯುವುದಿಲ್ಲ ಎಂಬುದು ನೆನಪಿರಲಿ. ಮೂಡಲಗಿ ಕಡೆಯ ಹಳ್ಳಿಯಿಂದ ಕ್ಯಾನು ಹೊತ್ತ ಗಾಡಿ ಏಪ್ರಿಲಿನ ಬಿಸಿಲಲ್ಲಿ ಎರಡು ತಾಸು ತಿರುಗಿ ಡೇರಿ ಮುಟ್ಟುವ ಹೊತ್ತಿಗೆ ಹಾಲು ಒಡೆಯುತ್ತಿದ್ದ ಕಾಲವಿತ್ತು. ಒಡೆದ ಹಾಲಿನ ನಷ್ಟ ರೈತನದೇ. ಈಗ ಹಾಲು ಸಂಘದ ಹಳ್ಳಿಯ ಕಟ್ಟಡದೊಳಗೇ ಸ್ಟೀಲಿನ ದೊಡ್ಡ ತೊಟ್ಟಿ ಬಂದಿದೆ, ಬಲ್ಕ್ ಮಿಲ್ಕ್ ಕೂಲರ್, ಎಲ್ಲರ ಬಾಯಲ್ಲಿ ಬಿಎಂಸಿ. ತಳದ ಎರಡು ಪದರದ ನಡುವೆ ಗ್ಯಾಸು ಕುದಿಯುತ್ತದೆ, ಮೇಲೊಂದು ಹುಟ್ಟು ನಿಧಾನಕ್ಕೆ ಹಾಲು ಕದಡುತ್ತದೆ.

ಒಂದು ಸಾವಿರ ಲೀಟರ್ ಹಾಲನ್ನು 35ರಿಂದ 4 ಡಿಗ್ರಿಗೆ ಇಳಿಸಲು ಹೊರಬೇಕಾದ ಶಾಖ ಸುಮಾರು 35 ಯೂನಿಟ್. ಮಂಜುಗಡ್ಡೆಯಿಂದಲೇ ಮಾಡುವುದಾದರೆ 350 ಕಿಲೋಗೂ ಹೆಚ್ಚು ಐಸ್ ಬೇಕು. ಬಿಎಂಸಿ ಅದನ್ನು ಹನ್ನೆರಡು ಯೂನಿಟ್ ಆಸುಪಾಸಿನ ಕರೆಂಟಿನಲ್ಲಿ ಮುಗಿಸುತ್ತದೆ. ಹಾಗೆ ತೆಗೆದ ಬಿಸಿಯೆಲ್ಲ ಕಟ್ಟಡದ ಹಿಂದಿನ ಫ್ಯಾನಿನಿಂದ ಬುಸುಗುಟ್ಟುತ್ತ ಹೊರಗೆ ಬೀಳುತ್ತದೆ. ಒಮ್ಮೆ ನಸುಕಿನಲ್ಲಿ ಹೋದಾಗ, ಹಾಲು ಹಾಕಿ ಮುಗಿಸಿದ ಇಬ್ಬರು ಹೆಂಗಸರು ಖಾಲಿ ಕ್ಯಾನು ಕಾಲ ಬಳಿ ಇಟ್ಟುಕೊಂಡು ಆ ಫ್ಯಾನಿನ ಮುಂದೆ ಅಂಗೈ ಚಾಚಿ ನಿಂತಿದ್ದರು. ಮಾಘದ ಚಳಿ. "ನಿಮ್ಮ ಎಮ್ಮೀ ಬಿಸೀನ ರೀ ಇದು" ಎಂದು ನಾನೆಂದರೆ ನಕ್ಕಾರು ಎಂದುಕೊಂಡು ಸುಮ್ಮನಾದೆ.

ಬೆಂಗಳೂರಿಗೆ ಹೊರಡುವ ದಿನ ಗೋಕಾಕದ ಪೇಟೆಯಲ್ಲಿ ಎರಡು ಕಿಲೋ ಕರದಂಟು ಕಟ್ಟಿಸಿದೆ. ಅಂಟು, ಬೆಲ್ಲ, ಒಣಕೊಬ್ಬರಿ, ಬದಾಮು, ಗೋಡಂಬಿ. ಅಮೀನಗಡದವರು ತಮ್ಮದೇ ಮೇಲು ಎನ್ನುತ್ತಾರೆ, ಆ ಜಗಳಕ್ಕೆ ನಾನು ಬೀಳುವುದಿಲ್ಲ. ಬೆಂಗಳೂರಿನ ಸೊಸೆ ಫ್ರಿಜ್ಜಿನಲ್ಲಿ ಇಟ್ಟಾಳು ಎಂದು ಬಾಯಿ ತಪ್ಪಿ ಅಂದೆ. ಅಂಗಡಿಯ ಕಾಕಾ ದಾರ ಸುತ್ತುತ್ತಿದ್ದ ಕೈ ನಿಲ್ಲಿಸಿದರು. "ಫ್ರಿಜ್ಜಿನ್ಯಾಗ ಯಾಕ ಇಡ್ತಾರ್ರೀ? ಇದರಾಗ ನೀರ ಇಲ್ಲ, ಕೆಡಾಕ ಏನೈತಿ? ಒಳಗ ಇಟ್ರ ಕಲ್ಲಾಗಿ ಹಲ್ಲ ಮುರದಾವು. ಡಬ್ಬ್ಯಾಗ ಹಾಕಿ ಹೊರಗ ಇಡ್ರಿ, ತಿಂಗಳ ತನಾ ಏನೂ ಆಗೂದಿಲ್ಲ."